ಬೆಂಚಿನಲ್ಲೇ ಉಳಿದ ಅಮ್ಮ

ಕಲ್ಯಾಣದ ಚಿಕ್ಕಮ್ಮನ ಮನೆಯ ಮೆಟ್ಟಿಲು ಹತ್ತುವಾಗಲೇ ಕಪ್ಪು ದ್ರಾಕ್ಷಿ ಸಕ್ಕರೆಯೊಂದಿಗೆ ಕುದಿಯುವ ವಾಸನೆ ಬಂತು. ನಾಳೆ ತಿಂಗಳ ಮೊದಲ ಭಾನುವಾರ. ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಪ್ರಭುಭೋಜನ, ಎಲ್ಲರೂ ಮುಂದೆ ಹೋಗಿ ರೊಟ್ಟಿ, ದ್ರಾಕ್ಷಿರಸ ತೆಗೆದುಕೊಳ್ಳುವ ದಿನ. ಅದಕ್ಕೆ ರಸ ಕಾಯಿಸುವ ಕೆಲಸ ಬಹಳ ವರ್ಷ ನನ್ನ ಅಮ್ಮನದಾಗಿತ್ತು. ಅವಳು ತೀರಿಕೊಂಡ ಮೇಲೆ ಅವಳ ತಂಗಿಗೆ, ಈ ಚಿಕ್ಕಮ್ಮನಿಗೆ, ಬಂದಿದೆ.

ನಿಮಗೊಂದು ವಿಚಿತ್ರ ಹೇಳಬೇಕು. ಎಲ್ಲರಿಗಾಗಿ ಕಾಯಿಸುತ್ತಿದ್ದ ಅಮ್ಮ ಅದನ್ನು ತಾನು ಕುಡಿಯುತ್ತಿರಲಿಲ್ಲ. ಕಳವಾ ಸ್ಟೇಶನ್ ಪಕ್ಕದ ಒಂದು ಶಾಲೆಯ ಹಾಲ್‌ನಲ್ಲಿ ನಮ್ಮ ಆರಾಧನೆ. ಯಾರೊಂದಿಗಾದರೂ ಮನಸ್ಸು ಸರಿಯಿಲ್ಲದವರು ಮುಂದೆ ಹೋಗದೆ ಬೆಂಚಿನಲ್ಲೇ ಉಳಿಯುವುದು ನಮ್ಮವರ ಪದ್ಧತಿ. ಬಿಲ್ಡಿಂಗಿನ ಸೊಸಾಯಿಟಿ ಮೀಟಿಂಗಿನಲ್ಲಿ ನೀರಿಗಾಗಿ ಜಗಳಾಡಿದವರು ಒಂದೆರಡು ತಿಂಗಳು ಕೂತು, ರಾಜಿಯಾಗಿ ಏಳುತ್ತಿದ್ದರು. ಅಮ್ಮ ಏಳಲೇ ಇಲ್ಲ. ದೇವರನ್ನು ವಿಶ್ವವಿದ್ಯಾಲಯದ ಗೇಟಿನಲ್ಲೇ ಬಿಟ್ಟು ಬಂದ ನನಗೆ ಅದು ಹಟವೆನಿಸುತ್ತಿತ್ತು. ಆದರೂ ಪಕ್ಕದಲ್ಲಿ ಕೂರುತ್ತಿದ್ದೆ; ನನಗೂ ಏಳುವ ಕೆಲಸವಿರಲಿಲ್ಲವಲ್ಲ.

ಕಾರಣ ಇಷ್ಟು. ಚಿಕ್ಕಮ್ಮನ ಮಗಳು ಜ್ವರದಲ್ಲಿ ತೀರಿಕೊಂಡ ದಿನ ಅಮ್ಮ ತಂಗಿಯ ಪಕ್ಕ ಕೂತು, "ನಿನ್ನ ಪ್ರಾರ್ಥನೆಯಲ್ಲಿ ವಿಶ್ವಾಸ ಸಾಲಲಿಲ್ಲ" ಅಂದಳಂತೆ. ಭಕ್ತಿಯಿಂದಲೇ ಅಂದದ್ದು, ಅದೇ ಘೋರ. ನಾನೂ ಆ ಕೋಣೆಯಲ್ಲಿದ್ದೆ. ಆ ಮಾತು ಈಗಲೂ ಕಿವಿಯಲ್ಲಿದೆ. ಆದರೆ ಅಂದೇ ಕೇಳಿದ್ದೋ, ಅಮ್ಮ ಮುಂದೆ ಹೇಳಿ ಹೇಳಿ ಕೇಳಿಸಿದಂತಾದದ್ದೋ, ಖಾತ್ರಿಯಿಲ್ಲ.

ಅಮ್ಮ ಕ್ಷಮೆ ಕೇಳಲು ಹೋದಾಗ ಚಿಕ್ಕಮ್ಮ ನಕ್ಕಿದ್ದಳಂತೆ. "ಹಾಗೆಲ್ಲ ನೀನು ಹೇಳಿಯೇ ಇಲ್ಲ ಅಕ್ಕ. ನನಗೆ ನೆನಪೇ ಇಲ್ಲ. ಚಾ ಕುಡಿ."

ಅಮ್ಮ ಚಾ ಕುಡಿದು ಲೋಕಲ್ ರೈಲು ಹಿಡಿದು ಬಂದಳು. ಬಂದವಳೇ ನನ್ನನ್ನು ಕೇಳಿದಳು: "ನೀನು ಅಲ್ಲೇ ಇದ್ದಿಯಲ್ವಾ? ನಾನು ಹೇಳಿದ್ದು ಹೌದಲ್ವಾ?"

ನಾನು ಸಮಾಧಾನ ಮಾಡಹೊರಟೆ. ನೆನಪು ತಾನೇ ಕಥೆ ಕಟ್ಟುತ್ತದೆ, ದುಃಖದಲ್ಲಿರುವವರು ಆಡದ ಮಾತನ್ನೂ ಆಡಿದೆವೆಂದು ನಂಬುತ್ತಾರೆ ಎಂದೆಲ್ಲ ವಿವರಿಸಿದೆ.

"ನಿಮ್ಮ ಕಾಲೇಜಿನಲ್ಲಿ ಪಾಪಕ್ಕೂ ರಜೆ ಕೊಡ್ತಾರಾ ಮಾರಾಯಾ?" ಅಂದಳು. ಮತ್ತೆ ಕೇಳಿದಳು, "ನಾನು ಹೇಳಿಯೇ ಇಲ್ಲ ಅಂತಾದ್ರೆ ಯಾವುದಕ್ಕೆ ಕ್ಷಮೆ ಸಿಗುವುದು?"

ಕೊನೆಯ ತನಕ ಅವಳು ಬೆಂಚಿನಲ್ಲೇ ಉಳಿದಳು.

ಇವತ್ತು ಚಿಕ್ಕಮ್ಮ ರಸವನ್ನು ಬಟ್ಟೆಯಲ್ಲಿ ಸೋಸುತ್ತ, ನನ್ನ ಮುಖ ನೋಡದೆ ಹೇಳಿದಳು: "ನಿನ್ನಮ್ಮ ಆ ಮಾತು ಹೇಳಿದ್ದು ಹೌದು. ನನಗೆ ಎಲ್ಲ ನೆನಪುಂಟು."

"ಮತ್ತೆ ಇಲ್ಲ ಅಂದದ್ದು?"

"ಅವಳಿಗೆ ಬೇಜಾರಾಗ್ಬಾರ್ದು ಅಂತ ಅಂದ್ಕೊಂಡಿದ್ದೆ. ಅದೂ ಸುಳ್ಳು. ಹೌದು ಅಂದ್ರೆ ಕ್ಷಮಿಸ್ಬೇಕಾಗ್ತಿತ್ತು. ನನಗೆ ಮನಸ್ಸಿರ್ಲಿಲ್ಲ." ಬಟ್ಟೆಯನ್ನು ಹಿಂಡಿದಳು. "ನಾಳೆ ನಾನು ಮುಂದೆ ಹೋಗುದಿಲ್ಲ. ಅಕ್ಕ ಇಲ್ಲ. ಇನ್ನು ಯಾರ ಹತ್ರ ಕ್ಷಮೆ ಕೇಳಲಿ?"

ಸಾಂತ್ವನದ ವಾಕ್ಯವೊಂದು ನಾಲಿಗೆಯ ತುದಿಗೆ ಬಂದಿತ್ತು, ಚೆನ್ನಾಗಿ ಓದಿಕೊಂಡವರ ವಾಕ್ಯ. ನುಂಗಿಕೊಂಡೆ. ಸ್ಟೂಲ್ ಎಳೆದು ಕೂತೆ.

"ಆ ದಿನದ್ದು ಹೇಳು ಚಿಕ್ಕಮ್ಮ."

ಮಗಳ ಹಣೆಗೆ ಇಟ್ಟ ಒದ್ದೆ ಬಟ್ಟೆಯಿಂದ ಶುರುಮಾಡಿದಳು. ಎಷ್ಟೋ ಕಡೆ ಅವಳ ನೆನಪೂ ನನ್ನದೂ ಹೊಂದಲಿಲ್ಲ. ನಾನು ತಿದ್ದಲಿಲ್ಲ. ಅಮ್ಮನ ಆ ಮಾತಿನವರೆಗೆ ಬಂದು ನಿಂತಳು, ಕೈ ಒರೆಸಿಕೊಂಡು ಮೊದಲ ಬಾರಿಗೆ ನನ್ನ ಕಡೆ ನೋಡಿದಳು.

"ಹೌದು," ಎಂದೆ. "ನನಗೂ ಕೇಳಿಸಿತ್ತು."