ಸೋಮವಾರ ಸಾಯುವ ಬ್ಯಾಟರಿ

ಬಾಳೂರಿನಲ್ಲಿ ಬ್ಯಾಟರಿ ಅಂಗಡಿ ಇಟ್ಟವನಿಗೆ ತಾಳ್ಮೆ ಬೇಕು. ದಯಾನಂದನ ಹತ್ತಿರ ಅದೊಂದು ಬಿಟ್ಟು ಉಳಿದ ಸರಕೆಲ್ಲ ಇತ್ತು. ತೊಂಬತ್ತೈದರ ಮಳೆಗಾಲದಲ್ಲಿ ಅವನ ತಲೆ ತಿಂದವನು ಕಳಸಕ್ಕೆ ಬಾಡಿಗೆ ಜೀಪು ಓಡಿಸುವ ಓಂಕಾರಮೂರ್ತಿ. ಬ್ಯಾಟರಿ ಹೊಸದು, ಆದರೂ ಸೋಮವಾರ ಬಂತೆಂದರೆ ಜೀಪು ಉಸಿರೆತ್ತುತ್ತಿರಲಿಲ್ಲ. ಎಸ್ಟೇಟಿಗೆ ಹೊರಟ ಹೆಂಗಸರು ಸೆರಗು ಬಿಗಿದು ಇಳಿಜಾರಿನ ತನಕ ಅದನ್ನು ದೂಡುತ್ತ, ದಯಾನಂದನ ಅಂಗಡಿಯ ಹೆಸರು ಹೇಳಿ ನಗುತ್ತಿದ್ದರು. ಜೀಪು ಓಡದಿದ್ದರೂ ಜೀಪಿನ ಮಾತು ಹೊರನಾಡಿನವರೆಗೆ ಓಡುತ್ತದೆ. ಹೀಗೇ ಆದರೆ ಗಿರಾಕಿಗಳೆಲ್ಲ ಮೂಡಿಗೆರೆ ಬಸ್ಸು ಹತ್ತುವುದು ಖಂಡಿತ.

“ಮಾಲು ಸರಿಯಿಲ್ಲ ಮಾರಾಯ, ಬೇರೆ ಕೊಡು” ಎಂದು ಓಂಕಾರಮೂರ್ತಿ ಪ್ರತಿ ಸಲ ಬ್ಯಾಟರಿ ತಂದು ಕುಕ್ಕುತ್ತಿದ್ದ. ದಯಾನಂದ ಮುಚ್ಚಳ ಬಿಚ್ಚಿ, ಗಾಜಿನ ಕೊಳವೆಗೆ ಆಸಿಡ್ ಎಳೆದು ತೋರಿಸುತ್ತಿದ್ದ. ಕೊಳವೆಯೊಳಗೆ ತೇಲಬೇಕಾದ ಅಳತೆಯ ಬುರುಡೆ ತಳ ಹಿಡಿದಿರುತ್ತಿತ್ತು, ಅಂದರೆ ಆಸಿಡ್ ನೀರಾಗಿತ್ತು. ಕರೆಂಟು ಖರ್ಚಾದಂತೆ ಆಸಿಡ್ಡಿನ ಸತ್ವ ಸೀಸದ ಪ್ಲೇಟುಗಳಿಗೆ ಹೋಗಿ ಕೂರುತ್ತದೆ, ಚಾರ್ಜ್ ಮಾಡಿದರೆ ವಾಪಸು ಬರುತ್ತದೆ, ಖಾಲಿಯೇ ಬಿಟ್ಟರೆ ಬಿಳಿ ಹಕ್ಕಳೆ ಕಟ್ಟಿ ಅಲ್ಲೇ ಬೇರು ಬಿಡುತ್ತದೆ ಎಂದು ವಿವರಿಸುತ್ತಿದ್ದ. ಓಂಕಾರಮೂರ್ತಿ ಪುರಾಣ ಕೇಳಿದಂತೆ ಕೇಳಿ, ಹಾಗಾದರೆ ಬದಲಾಯಿಸಿ ಕೊಡು ಎನ್ನುತ್ತಿದ್ದ. ಭಾನುವಾರ ಏನು ಮಾಡಿದೆ ಎಂದು ಕೇಳಿದರೆ, ಜೀಪು ಶೆಡ್ಡಿನಲ್ಲೇ ನಿಂತಿತ್ತು ಎಂಬ ಉತ್ತರ.

ಅದು ಸುಳ್ಳಾಗಿರಲಿಲ್ಲ. ಮುಂದಿನ ಭಾನುವಾರ ಸಂಜೆ ದಯಾನಂದ ಹೋಗಿ ನೋಡಿದಾಗ ಜೀಪು ಶೆಡ್ಡಿನಲ್ಲೇ ಇತ್ತು. ಬಾನೆಟ್ ತೆರೆದಿತ್ತು, ಬ್ಯಾಟರಿಯ ಜಾಗ ಮಾತ್ರ ಖಾಲಿ. ಮಳೆಗೆ ಎಂದಿನಂತೆ ಊರಿಗೆ ಗುರುವಾರದಿಂದ ಕರೆಂಟಿಲ್ಲ, ಓಂಕಾರಮೂರ್ತಿಯ ಮನೆಯಲ್ಲಿ ಮಾತ್ರ ಟಿವಿಯ ಭಾನುವಾರದ ಸಿನಿಮಾದ ಸದ್ದು. ಜಗಲಿಯಲ್ಲಿ ಅರ್ಧ ಬೀದಿಯೇ ಕೂತಿತ್ತು. ಸ್ಟೂಲಿನ ಮೇಲೆ ಬ್ಯಾಟರಿ, ಅದರಿಂದ ಸಣ್ಣ ಟಿವಿಗೆ ಎರಡು ವಯರು. ವಯರು ಕಿತ್ತೆಸೆಯಲು ದಯಾನಂದ ಕೈ ಚಾಚಿದ.

“ಏನ್ರೀ, ಮುಟ್ಬೇಡಿ. ಹೀರೋಯಿನ್ ತಾಯಿ ಈಗ ಸಾಯ್ತಾಳೆ.”

ಹಾಗೆಂದವಳು ಮುಂದಿನ ಸಾಲಿನಲ್ಲಿ ಕೂತಿದ್ದ ದಯಾನಂದನ ಹೆಂಡತಿ ವಸಂತಮ್ಮ. ಭಾನುವಾರಗಳಂದು ಆಕೆ ಭಜನೆಗೆ ಹೋಗುತ್ತಾಳೆಂದು ಅವನು ನಂಬಿದ್ದ.

“ಅವಳು ಸಾಯೋದಿರ್ಲಿ, ಬ್ಯಾಟರಿ ಸಾಯ್ತಿದ್ಯಲ್ಲ” ಎಂದ ದಯಾನಂದ. “ಜೀಪಿನ ಬ್ಯಾಟರಿದು ತೆಳು ಪ್ಲೇಟು. ಒಂದು ಸಲ ಜೋರಾಗಿ ದೂಡಿ ಕೊಡೋ ಆಳು ಇದು. ಸಂಜೆವರೆಗೂ ಮೂಟೆ ಹೊರೋ ಆಳೇ ಬೇರೆ, ಅದಕ್ಕೆ ದಪ್ಪ ಪ್ಲೇಟು ಬೇಕು.”

ಸೋಮವಾರ ಜೀಪು ದೂಡುವ ಮುತ್ತಮ್ಮ ಟಿವಿಯಿಂದ ಕಣ್ಣು ತೆಗೆಯದೆ ಕೇಳಿದಳು: “ದೂಡೋರು ನಾವಲ್ವಾ ದಯಾನಂದಣ್ಣ?”

ಸಿನಿಮಾದ ತಾಯಿ ಸತ್ತ ಮೇಲೆ ದಯಾನಂದ ಬ್ಯಾಟರಿ ಬಿಚ್ಚಿಕೊಂಡು ಹೋಗಿ ಅಂಗಡಿಯ ಜನರೇಟರಿನಲ್ಲಿ ಚಾರ್ಜಿಗೆ ಹಾಕಿದ. ಇನ್ವರ್ಟರಿಗೆಂದು ತರಿಸಿದ್ದ ದಪ್ಪ ಪ್ಲೇಟಿನ ಬ್ಯಾಟರಿಯೊಂದನ್ನು ಟಿವಿಗೆಂದು ಗೊಣಗುತ್ತಲೇ ಹೆಗಲ ಮೇಲೆ ಹೊತ್ತು ತಂದು ಆ ಸ್ಟೂಲಿನ ಮೇಲಿಟ್ಟ. ಸೋಮವಾರ ಜೀಪು ಒಂದೇ ಕೀಲಿಗೆ ಎದ್ದಿತು. ಆ ಸುದ್ದಿಯನ್ನು ಹೊರನಾಡಿನವರೆಗೆ ಒಯ್ದವರು ಯಾರೂ ಇಲ್ಲ.