ನಾನು ಬಿಚ್ಚದ ಉಡಿದಾರ

ವಿಮಾನ ನಿಲ್ದಾಣದ ತಪಾಸಣೆಯಿಂದ ಏನಾದರೂ ಪ್ರಯೋಜನವಿದೆಯೇ ಎಂಬ ಜಗಳ ನಮ್ಮ ಮನೆಯಲ್ಲಿ ಎದ್ದು ಎರಡು ವರ್ಷವಾಯಿತು, ಇನ್ನೂ ಕೂತಿಲ್ಲ. ನಾನು ಇಲ್ಲ ಎನ್ನುವವನು. ನಮ್ಮ ಭಾವ, ಅಂದರೆ ಅಕ್ಕನ ಗಂಡ, ಇದೆ ಎನ್ನುವವರು. ಅವರು ಪಾಂಡವಪುರದಿಂದ ಶೀಳನೆರೆಗೆ ಬಂದರೆ ಕಾಫಿ ಲೋಟ ಕೆಳಗಿಡುವ ಮೊದಲೇ ಶುರುವಾಗುತ್ತದೆ. ಇಬ್ಬರೂ ಜೀವಮಾನದಲ್ಲಿ ವಿಮಾನ ಹತ್ತಿದ್ದು ಕಾಶಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ನಮ್ಮ ವಾದ ಕೇಳಿದವರು ಮಾತ್ರ ನಾವು ಸಂತೆಗೂ ಅದರಲ್ಲೇ ಹೋಗುತ್ತೇವೆ ಅಂದುಕೊಳ್ಳಬೇಕು.

ಭಾವನ ಮಾತನ್ನು ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. ಅವರು ಒಂದು ಕಾರ್ಖಾನೆಯ ಗೇಟಿನಲ್ಲಿ ನಿಂತು ನಿವೃತ್ತಿಯಾದವರು. ಪಾಳಿ ಮುಗಿಸಿ ಹೊರಬರುವ ಕೆಲಸಗಾರರ ಬುತ್ತಿ ಡಬ್ಬಿ ತೆಗೆಸುವುದು, ಸೊಂಟ ತಡವುವುದು, ಸೈಕಲ್ ಸೀಟಿನ ಕೆಳಗೆ ಕೈ ಹಾಕುವುದು, ಇದೇ ಅವರ ನೌಕರಿ. ನಾನು ಅಕ್ಕಿಹೆಬ್ಬಾಳಿನಲ್ಲಿ ಮೇಷ್ಟ್ರಾಗಿದ್ದವನು. ಮಕ್ಕಳ ಚೀಲವನ್ನು ಒಂದು ದಿನವೂ ತಡಕಲಿಲ್ಲ. ಚಾಕ್‌ಪೀಸಿನ ಪೆಟ್ಟಿಗೆಯೇ ಮಾಯವಾದಾಗಲೂ ತಡಕಲಿಲ್ಲ. ಅದು ನನ್ನ ಹೆಮ್ಮೆ. ಭಾವನ ಪ್ರಕಾರ ಅದು ನನ್ನ ಸೋಮಾರಿತನ.

ಕಾಶಿಗೆ ಹೊರಟಿದ್ದು ಅಕ್ಕ, ಭಾವ, ನಾನು ಮೂವರೇ. ನನ್ನ ಹೆಂಡತಿ ಮಂಡಿನೋವೆಂದು ಉಳಿದಳು. ಕಾರು ಶ್ರೀರಂಗಪಟ್ಟಣ ದಾಟುವಾಗ ಅಕ್ಕ ಗೋಪುರಕ್ಕೆ ಕೈ ಮುಗಿದಳು. ಭಾವ ಅಲ್ಲಿಂದಲೇ ಪಾಠ ಶುರು ಮಾಡಿದರು: ಬೆಲ್ಟು ಬಿಚ್ಚಬೇಕು, ಚಿಲ್ಲರೆ ತೆಗೆಯಬೇಕು, ಯಾರಾದರೂ ಏನಾದರೂ ಕೇಳಿದರೆ ತಮಾಷೆ ಮಾಡಬಾರದು. ಕೊನೆಯದನ್ನು ನನ್ನ ಕಡೆ ತಿರುಗಿ ಹೇಳಿದರು.

ಸಾಲಿನಲ್ಲಿ ಭಾವ ನನ್ನ ಮುಂದಿದ್ದರು. ಸಮವಸ್ತ್ರದ ಯುವಕ ಹೇಳುವ ಮೊದಲೇ ಎರಡೂ ಕೈ ಚಾಚಿ ನಿಂತರು. ಕೈಯಲ್ಲಿ ಹಿಡಿಯುವ ಯಂತ್ರ ಸೊಂಟದ ಹತ್ತಿರ ಕೂಗಿತು. ಅಂಗಿ ಎತ್ತಿಸಿ ನೋಡಿದರೆ ಉಡಿದಾರ. ಮದುವೆಯಲ್ಲಿ ನಮ್ಮಪ್ಪ ಹಾಕಿದ್ದ ಬೆಳ್ಳಿಯದು. ತೆಗೆ ಎಂದು ಯುವಕ ಬೆರಳಾಡಿಸಿದ. ಭಾವ ತಟ್ಟನೆ ಕೊಂಡಿ ಬಿಚ್ಚಿ ಅದನ್ನು ಟ್ರೇಗೆ ಹಾಕಿದರು. ಬೆಲ್ಟು, ವಾಚು, ಬೀಗದ ಕೈಗಳ ಜೊತೆ ನಮ್ಮಪ್ಪನ ಉಡಿದಾರವೂ ಎಕ್ಸ್‌ರೇ ಪೆಟ್ಟಿಗೆಯೊಳಗೆ ಹೋಯಿತು. ನನಗೆ ಮೈ ಉರಿದುಹೋಯಿತು.

ಉಡಿದಾರದ ವಿಷಯ ನಮ್ಮ ಕಡೆ ಎಲ್ಲರಿಗೂ ಗೊತ್ತು. ಹುಟ್ಟಿದ ಕೆಲವು ದಿನಕ್ಕೆ ಕಟ್ಟುತ್ತಾರೆ. ಸವೆದರೆ ಹೊಸದನ್ನು ಕಟ್ಟಿಕೊಂಡ ಮೇಲೆಯೇ ಹಳೆಯದನ್ನು ಕತ್ತರಿಸಬೇಕು. ಸೊಂಟ ಒಂದು ಗಳಿಗೆಯೂ ಬರಿದಾಗಬಾರದು. ಗಂಡಸಿನ ಮೈಮೇಲಿಂದ ಅದು ಪೂರ್ತಿ ಇಳಿಯುವುದು ಒಂದೇ ಸಲ, ಅವನನ್ನು ಮಣ್ಣು ಮಾಡುವಾಗ. ಅದನ್ನು ಕೀಳುವುದು ಉಳಿದವರ ಕೆಲಸ, ಅವನದಲ್ಲ.

ನನ್ನ ಸರದಿ ಬಂತು. ನನ್ನದು ಕಪ್ಪು ನೂಲು, ಅದರಲ್ಲಿ ಅವ್ವ ಕಟ್ಟಿಸಿದ ಬೆಳ್ಳಿ ತಾಯತ. ಯಂತ್ರ ಕೂಗಿತು. ನಾನೇ ಅಂಗಿ ಎತ್ತಿ ತೋರಿಸಿದೆ. ಬಿಚ್ಚು ಎಂದು ಆ ಯುವಕ ಹಿಂದಿಯಲ್ಲಿ ಹೇಳಿದ. ಮುಟ್ಟಿ ನೋಡಪ್ಪ, ಹಿಸುಕಿ ನೋಡು, ಬಿಚ್ಚುವುದಿಲ್ಲ ಎಂದು ನಾನು ಕನ್ನಡದಲ್ಲಿ ಹೇಳಿದೆ. ಗಂಟು ಬಿಗಿದಿದೆ, ಅದಕ್ಕೇ ತಕರಾರು ಎಂದು ಅವನು ಅರ್ಥ ಮಾಡಿಕೊಂಡ. ಪಕ್ಕದಲ್ಲಿ ಪ್ರಯಾಣಿಕರಿಂದ ಕಿತ್ತುಕೊಂಡ ವಸ್ತುಗಳ ಡಬ್ಬಿಯಿತ್ತು. ಅದರಿಂದ ಯಾರದೋ ಕತ್ತರಿ ತೆಗೆದುಕೊಂಡು ಬಂದ.

ಕತ್ತರಿ ಅಪಾಯವೆಂದು ಒಬ್ಬರ ಕೈಯಿಂದ ಕಿತ್ತು, ಅದರಲ್ಲೇ ನನ್ನ ಉಡಿದಾರ ಕತ್ತರಿಸಲು ಬರುವುದು! ಎರಡೂ ಕೈಯಲ್ಲಿ ಸೊಂಟ ಮುಚ್ಚಿಕೊಂಡೆ.

"ಮುಟ್ಬ್ಯಾಡ ಕಣಪ್ಪ! ನಾನಿನ್ನೂ ಬದ್ಕಿವ್ನಿ!"

ಹಾಗೆ ಕೂಗಿದ್ದು ಇಡೀ ಹಾಲಿಗೆ ಕೇಳಿಸಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಯಾರೋ ಫೋನು ಎತ್ತಿ ಹಿಡಿದರು. ಆ ಕಡೆ ನಿಂತಿದ್ದ ಭಾವನ ಮುಖ ಬಾಡಿಹೋಯಿತು. ಅವಮಾನಕ್ಕೆ ಎಂದುಕೊಂಡೆ.

"ಲೇ, ತಗ್ದ್ಬುಡ್ಲಾ! ಒಂದು ದಾರುಕ್ಕೆ ಇಷ್ಟೊಂದು ರಂಪಾನ? ಇಮಾನ ಒಂಟೋಯ್ತದೆ!"

"ಓದ್ರೆ ಓಗ್ಲಿ ಬುಡಿ ಭಾವ. ನೀವು, ಅಕ್ಕ ಓಗ್ಬನ್ನಿ. ನಾನು ಬಸ್ಸತ್ತಿ ಊರ್ಗೋಯ್ತೀನಿ."

ಬಾಯಲ್ಲಿ ಹಾಗೆಂದೆ, ಒಳಗೆ ಹೆದರಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಕಾಶಿ ನೋಡಬೇಕೆಂದು ಬಹಳ ವರ್ಷದಿಂದ ಆಸೆಪಟ್ಟವನು ನಾನು. ಆದರೂ ಸೊಂಟದ ಮೇಲಿನ ಕೈ ತೆಗೆಯಲಿಲ್ಲ.

ಕೊನೆಗೆ ವಯಸ್ಸಾದ ಅಧಿಕಾರಿಯೊಬ್ಬರು ಬಂದು ನನ್ನನ್ನು ಪರದೆಯ ಹಿಂದಕ್ಕೆ ಕರೆದುಕೊಂಡು ಹೋದರು. ನೂಲನ್ನು ಗೇಣುಗೇಣು ಹಿಡಿದು ನೋಡಿದರು, ತಾಯತ ಒತ್ತಿ ನೋಡಿದರು, ಹೋಗಿ ಎಂದು ಕೈ ತೋರಿಸಿದರು. ಎರಡು ನಿಮಿಷ ಹಿಡಿಯಿತು. ಅಷ್ಟು ನೋಡುವ ಮನಸ್ಸಿದ್ದಿದ್ದರೆ ಕತ್ತರಿ ಯಾಕೆ ಬೇಕಿತ್ತು?

ವಿಮಾನ ಮೇಲೇರಿ ನೆಟ್ಟಗಾದ ಮೇಲೆ ಅಕ್ಕ ಎಲೆ ಅಡಿಕೆಯ ಸಂಚಿ ಬಿಚ್ಚಿದಳು. ಎಲೆ ಒರೆಸಿದಳು, ಸುಣ್ಣ ಹಚ್ಚಿದಳು. ಆಮೇಲೆ ಸಂಚಿಯ ತಳಕ್ಕೆ ಕೈ ಹಾಕಿ ಅಡಕತ್ತರಿ ತೆಗೆದು, ಮನೆಯ ಜಗಲಿಯಲ್ಲಿ ಕೂತವಳ ಹಾಗೆ ಅಡಿಕೆಯನ್ನು ಕಟಕ್ಕನೆ ಕತ್ತರಿಸಿದಳು. ಅವಳ ಅತ್ತೆಯ ಕಾಲದ ಕಬ್ಬಿಣದ ಅಡಕತ್ತರಿ. ಬೆರಳು ಸಿಕ್ಕಿದರೆ ಬೆರಳೂ ಹೋಗುತ್ತದೆ.

"ಒಳಿಕ್ ಮಡಗಮ್ಮಿ! ಯಾರಾರ ನೋಡ್ಗೀಡಾರು!" ಎಂದು ಭಾವ ಟವೆಲ್ಲನ್ನು ಅವಳ ಮಡಿಲಿಗೆ ಎಸೆದರು.

"ನಂಗೇನ್ ಗೊತ್ತು? ಯಾರೂ ಬ್ಯಾಡ ಅನ್ನಲಿಲ್ವಲ್ಲ," ಎಂದಳು ಅಕ್ಕ.

ನಾನು ನಕ್ಕ ನಗು ಮುಂದಿನ ಮೂರು ಸಾಲಿಗೆ ಕೇಳಿಸಿರಬೇಕು. ನನ್ನ ನೂಲು ಸಿಕ್ಕಿತು, ಈ ಕಬ್ಬಿಣ ಸಿಗಲಿಲ್ಲ! ಭಾವ ಬಗ್ಗುವವರಲ್ಲ.

"ಗೇಟು ಇರೋದು ಇಡಿಯಾಕಲ್ಲ ಕಣ್ಲಾ, ಎದರ್ಸಾಕೆ. ನಾನು ಇಡ್ದೋರ್ನ ನೋಡ್ಬ್ಯಾಡ. ನನ್ನ ಮಖ ನೋಡಿ, ಕದ್ದಿದ್ದ ಅಲ್ಲೇ ಬುಟ್ಟು ಬಂದೋರ್ನ ನೋಡು."

"ಅವ್ರು ಬಂದು ನಿಮ್ತಾವ ಯೋಳುದ್ರಾ? ನಿಮ್ಗೆಂಗ್ ಗೊತ್ತು?"

"ಗೊತ್ತು. ನಿಂತಿದ್ದೋನ್ಗೆ ಗೊತ್ತಾಯ್ತದೆ."

"ನಂಗೂ ಗೊತ್ತಾಯ್ತು ಭಾವ. ಎದರ್ದೋನು ನಾನು. ನಾನೇನು ಮಡಿಕ್ಕಂಡಿದ್ದೆ?"

ಭಾವ ಕಿಟಕಿ ಕಡೆ ತಿರುಗಿಕೊಂಡರು. ಆ ಸುತ್ತು ನನ್ನದೇ ಎಂದುಕೊಂಡೆ.

ಕಾಶಿಯಲ್ಲಿ ಏನಾದರೊಂದು ಇಷ್ಟದ್ದನ್ನು ಬಿಟ್ಟು ಬರಬೇಕು, ಮತ್ತೆ ಮುಟ್ಟಬಾರದು. ಅಕ್ಕ ಹಲಸಿನ ಹಣ್ಣು ಬಿಟ್ಟಳು. ನಾನು ಏನನ್ನೂ ಬಿಡಲಿಲ್ಲ. ಇಷ್ಟವಾದದ್ದನ್ನು ಬಿಡು ಎಂದರೆ ನನಗೆ ಮೊದಲಿನಿಂದಲೂ ಸಿಟ್ಟು. ಭಾವ ನದಿಗೆ ಇಳಿದವರು ಸುಮಾರು ಹೊತ್ತು ಬೆನ್ನು ತಿರುಗಿಸಿ ನಿಂತಿದ್ದು ಮೇಲೆ ಬಂದರು. ಏನು ಬಿಟ್ರಿ ಎಂದು ಕೇಳಿದರೆ, ನಡಿ, ಹೊತ್ತಾಯ್ತು ಎಂದರು.

ವಾಪಸು ಬರುವಾಗ ಇನ್ನೊಂದು ನಿಲ್ದಾಣದಲ್ಲಿ ಅಕ್ಕನ ಅಡಕತ್ತರಿ ಸಿಕ್ಕಿಬಿತ್ತು. ಕಿತ್ತುಕೊಂಡು ಡಬ್ಬಿಗೆ ಹಾಕಿದರು. ಭಾವ ನನ್ನ ಕಡೆ ನೋಡಿ, "ನೋಡ್ದಾ? ಇಡುದ್ರು!" ಎಂದು ಶುರು ಮಾಡಿದವರು ಅಕ್ಕನ ಮುಖ ನೋಡಿ ಮಾತು ಅಲ್ಲಿಗೇ ಬಿಟ್ಟು ಅವಳ ಸಂಚಿ ಎತ್ತಿಕೊಂಡರು. ನಾನು ಅಲ್ಲಿಯೂ ಉಡಿದಾರ ಬಿಚ್ಚಲಿಲ್ಲ, ಅಲ್ಲಿಯೂ ಪರದೆಯ ಹಿಂದೆ ಹೋಗಿ ಬಂದೆ. ಭಾವನ ಸೊಂಟದ ಹತ್ತಿರ ಈ ಸಲ ಯಂತ್ರ ಕೂಗಲಿಲ್ಲ. ಬುದ್ಧಿವಂತರು, ಮೊದಲೇ ಬಿಚ್ಚಿ ಚೀಲಕ್ಕೆ ಹಾಕಿಕೊಂಡಿದ್ದಾರೆ ಎಂದುಕೊಂಡೆ.

ಊರಿಗೆ ಬಂದ ವಾರಕ್ಕೆ, ತಂದಿದ್ದ ಗಂಗೆಯನ್ನು ನಮ್ಮ ಹೊಳೆಗೆ ಬೆರೆಸಲು ಭಾವ ಮತ್ತು ನಾನು ಹೇಮಗಿರಿಗೆ ಹೋದೆವು. ಬೆಳಗಿನ ಹೊತ್ತು, ಹೊಳೆಯಲ್ಲಿ ಯಾರೂ ಇರಲಿಲ್ಲ. ಗಂಗೆ ಸುರಿದು ಸ್ನಾನಕ್ಕೆ ಇಳಿದೆವು. ಭಾವ ಟವೆಲ್ಲು ಸರಿಮಾಡಿಕೊಳ್ಳುವಾಗ ನೋಡಿದೆ. ಅಷ್ಟು ವರ್ಷ ಉಡಿದಾರವಿದ್ದ ಜಾಗದಲ್ಲಿ ಬಿಳಿಯ ಗೆರೆ ಮಾತ್ರ ಇತ್ತು.

"ಎಲ್ಲಿ ಭಾವ?"

"ಗಂಗೇಗೆ ಬುಟ್ಟೆ."

"ಯಾಕೆ? ನಮ್ಮಪ್ಪ ಆಕಿದ್ದು!"

ಬಯ್ಯುವುದಕ್ಕೆ ಬಾಯಿ ತೆರೆದಿದ್ದೆ. ಅವರು ನೀರಿನಲ್ಲೇ ನಿಂತು, ನನ್ನ ಮುಖ ನೋಡದೆ ಹೇಳಿದರು.

"ಒಂದಿನ ಗೇಟ್ತಾವ ಸಾಹೇಬ್ರು ಬಂದು ನಿಂತಿದ್ರು. ಇತ್ತಾಳೆ ಸಾಮಾನು ಕಳ್ವಾಗೈತೆ, ಯಾರ್ನೂ ಬುಡ್ಬ್ಯಾಡ ಅಂದ್ರು. ನಾಗಮಂಗಲದ ಕಡೆಯೋನು ಒಬ್ಬ ಬಂದ. ನಮ್ಮಪ್ಪನ ವಯಸ್ಸು. ಸೊಂಟದಲ್ಲಿ ಉಡ್ದಾರುಕ್ಕೆ ಸಿಗಿಸ್ಕಂಡಿದ್ದು ಏನೋ ಗಟ್ಟಿಯಾಗಿ ಸಿಕ್ತು. ಉಡ್ದಾರ ಬಿಚ್ಚು ಅಂದೆ. ಬಿಚ್ಚಾಕಿಲ್ಲ, ನಾನಿನ್ನೂ ಬದ್ಕಿವ್ನಿ ಸ್ವಾಮಿ ಅಂದ. ಸಾಹೇಬ್ರು ನೋಡ್ತಾವ್ರಲ್ಲ... ನಾನೇ ಬ್ಲೇಡಲ್ಲಿ ಕುಯ್ದೆ."

"ಏನಿತ್ತು?"

"ಸುಣ್ಣದ ಡಬ್ಬಿ."

ಹೊಳೆಯ ಆಚೆ ದಡದಲ್ಲಿ ಎಮ್ಮೆಯೊಂದು ನೀರಿಗಿಳಿಯುತ್ತಿತ್ತು. ಭಾವ ಅದನ್ನೇ ನೋಡುತ್ತಿದ್ದರು.

"ಬಿದ್ದಿದ್ದ ದಾರನ ಬಗ್ಗಿ ಎತ್ಕಂಡ. ಜೋಬಿಗ್ ಆಕ್ಕಂಡು ಒಂಟೋದ. ಆಮೇಲೂ ದಿನಾ ಬತ್ತಿದ್ದ, ದಿನಾ ನನ್ಮುಂದೆ ಕೈ ಎತ್ಕಂಡು ನಿಂತ್ಕತಿದ್ದ. ಒಂದ್ ಮಾತೂ ಆಡ್ಲಿಲ್ಲ. ಏರ್‌ಪೋರ್ಟಲ್ಲಿ ನೀನೂ ಅದೇ ಮಾತ ಅಂದ್ಯಲ್ಲ ಕಣ್ಲಾ. ಅದುಕ್ಕೇ ಬುಟ್ಬುಟ್ಟೆ. ನಂಗ್ಯಾಕೆ ಅದು?"

ವಾದವನ್ನು ಅಲ್ಲೇ ಗೆದ್ದುಬಿಡಬಹುದಿತ್ತು. ಹೆದರಿಸುವುದಕ್ಕೆ ಗೇಟು ಎಂದಿರಲ್ಲ, ಸಾಹೇಬರಿಗೆ ಹೆದರಿದ್ದು ಯಾರು ಎಂದು ಕೇಳಬಹುದಿತ್ತು. ಆದರೆ ನನಗೆ ಸಿಟ್ಟು ಬಂದಿದ್ದು ಭಾವನ ಮೇಲಲ್ಲ. ಒಬ್ಬ ಬಡವನಿಗೆ ಬ್ಲೇಡು ಕೊಟ್ಟು ಇನ್ನೊಬ್ಬ ಬಡವನ ಸೊಂಟಕ್ಕೆ ಹಚ್ಚುವವರ ಮೇಲೆ, ಹಿಂದೆ ನಿಂತು ನೋಡುವವರ ಮೇಲೆ. ಅವರಿಗೆ ಈ ಮನುಷ್ಯನ ಸೊಂಟವನ್ನು ಬರಿದಾಗಿ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಒದ್ದೆ ಬಟ್ಟೆಯಲ್ಲೇ ದಡ ಹತ್ತಿ, ದೇವಸ್ಥಾನದ ದಾರಿಯಲ್ಲಿ ಕಾಯಿ ಕರ್ಪೂರ ಮಾರುವ ಅಂಗಡಿಯಿಂದ ಕಪ್ಪು ನೂಲು ತಂದೆ. ಭಾವ ಎರಡು ಹೆಜ್ಜೆ ಹಿಂದೆ ಸರಿದರು.

"ಬ್ಯಾಡ ಕಣ್ಲಾ. ಕಾಶೀಲಿ ಬುಟ್ಟಿದ್ದ ತಿರುಗಾ ಮುಟ್ಬಾರ್ದು."

"ನೀವು ಬುಟ್ಟಿದ್ದು ಬೆಳ್ಳಿ. ಇದು ನೂಲು. ಅಕ್ಕ ಅಲಸಿನಣ್ಣು ಬುಟ್ಟು ಬಾಳೆಅಣ್ಣು ತಿಂತಾ ಇಲ್ವಾ? ಕೈ ಎತ್ತಿ ಭಾವ."

ಎತ್ತಿದರು. ಗೇಟಿನಲ್ಲಿ ತಪಾಸಣೆಗೆ ನಿಲ್ಲುವವರ ಹಾಗೆಯೇ ಎರಡೂ ಕೈ ಚಾಚಿ, ಗಲ್ಲ ಮೇಲೆ ಮಾಡಿ ನಿಂತರು. ನಾನು ಆ ಬಿಳಿ ಗೆರೆಯ ಮೇಲೆಯೇ ನೂಲು ಸುತ್ತಿ ಮೂರು ಗಂಟು ಹಾಕಿದೆ. ಇನ್ನೊಮ್ಮೆ ವಿಮಾನ ಹತ್ತಿದರೆ ಇಬ್ಬರೂ ಇದನ್ನು ಕಟ್ಟಿಕೊಂಡೇ ಹೋಗುವುದು, ಯಾವ ಕತ್ತರಿ ತರುತ್ತಾರೋ ತರಲಿ ಎಂದೆ. ತಪಾಸಣೆ ಬೇಕೇ ಬೇಕು ಎಂದು ಭಾವ ಆ ಸ್ಥಿತಿಯಲ್ಲೂ ಗೊಣಗಿದರು. ಬೇಡ ಎಂದು ನಾನೂ ಹೇಳಿದೆ.

ಗಂಟು ಹಾಕಿ ಮುಗಿದರೂ ಅವರು ಕೈ ಇಳಿಸಲಿಲ್ಲ.

"ಏನಾರ ಸಿಕ್ತೇನ್ಲಾ?" ಎಂದರು.

"ಏನೂ ಇಲ್ಲ ಭಾವ. ನೀವಿನ್ನು ಓಗ್ಬೌದು," ಎಂದೆ.

ಆಗ ಕೈ ಇಳಿಸಿದರು.