ಶುಕ್ರವಾರವೂ ಕೆಂಡ ಕೊಡುವ ಅಂಬಮ್ಮ

ಲಿಂಗಸುಗೂರಿನ ಬಜಾರಿನಲ್ಲಿ ಇನ್ನೂ ಮಬ್ಬುಗತ್ತಲೆ. ಅಂಬಮ್ಮ ಮಂಡಕ್ಕಿ ಹುರಿಯುವ ತಮ್ಮ ಮಂಡಾಳು ಭಟ್ಟಿಯ ಮುಂದೆ ಕುಳಿತು, ರಾತ್ರಿ ಮುಚ್ಚಿಟ್ಟ ಹೊಟ್ಟಿನ ಬೂದಿಯನ್ನು ಕೆದರುತ್ತಾರೆ. ಒಳಗಿಂದ ಕೆಂಡ ಕಣ್ಣು ಬಿಡುತ್ತದೆ. ತೊಗರಿ ಕಟ್ಟಿಗೆ ಒಟ್ಟಿ ಊದಿದರೆ ಮೇಲಿನ ಬಾಣಲೆಯ ಮರಳು ಕಾಯತೊಡಗುತ್ತದೆ. ಹಿಡಿ ಅಕ್ಕಿ ಚೆಲ್ಲಿದರೆ ಚಟಪಟ ಅರಳಿ ಬೆಳ್ಳಗೆ ಮಂಡಾಳಾಗಬೇಕು. ಇಂದು ಅರ್ಧ ಸೀದಿದೆ.

"ಕೈ ಇಲ್ಲೈತಿ, ಕಣ್ಣು ಬ್ಯಾರೆ ಕಡೆ ಐತ್ರಿ ಸಾಹೇಬ್ರ" ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಕಣ್ಣು ಓಣಿಯ ಮೇಲಿದೆ. ಈಗಷ್ಟೇ ಒಬ್ಬ ಮುದುಕಿ ಬಂದು, ಒಡೆದ ಗಡಿಗೆಯ ಬೋಕಿಯಲ್ಲಿ ಒಂದು ಕೆಂಡ ಹಾಕಿಸಿಕೊಂಡು, ಸೆರಗು ಅಡ್ಡ ಹಿಡಿದು ಹೋಗಿದ್ದಾಳೆ. ಅವಳು ತನ್ನ ಮನೆಯ ಬಾಗಿಲು ದಾಟುವ ತನಕ ಅಂಬಮ್ಮನಿಗೆ ಉಸಿರಿಲ್ಲ. ಒಂದು ತಿಂಗಳಿಂದ ಹೀಗೆಯೇ.

ಇಂದು ಶುಕ್ರವಾರ. ಈ ಸೀಮೆಯಲ್ಲಿ ಮಂಗಳವಾರ, ಶುಕ್ರವಾರ ಯಾವ ಮನೆಯಿಂದಲೂ ಬೆಂಕಿ ಹೊರಗೆ ಕೊಡುವುದಿಲ್ಲ. ಅದರ ಹಿಂದೆಯೇ ಲಕ್ಷ್ಮಿ ಹೊರಟುಬಿಡುತ್ತಾಳೆ ಎಂದು ನಂಬಿಕೆ. ಕಡ್ಡಿ ಗೀರಿ ಬೀಡಿ ಹಚ್ಚಬಹುದು, ಆರಿದ ಒಲೆ ಹಚ್ಚಬಾರದು ಎಂದು ಹಿರಿಯರ ಮಾತು. ಹಾಗಾದರೆ ಆ ದಿನಗಳಲ್ಲಿ ಒಲೆ ಆರಿದ ಮನೆಯವರು ಏನು ಮಾಡಬೇಕು? ಭಟ್ಟಿಗೆ ಹೊಸ್ತಿಲಿಲ್ಲ, ದೋಷವೂ ಇಲ್ಲ. ಅಂಬಮ್ಮನ ಹತ್ತಿರ ಬರಬೇಕು. ರಾತ್ರಿ ಒಲೆ ಆರುವುದು ಮನೆಗೆ ಅಪಶಕುನ, ಸೊಸೆಗೆ ಕೆಟ್ಟ ಹೆಸರು. ಆದ್ದರಿಂದ ಒಯ್ಯುವವರು ಬೆಳಕು ಹರಿಯುವ ಮೊದಲೇ ಬರುತ್ತಾರೆ. ಯಾರಿಗೆ ಕೊಟ್ಟೆ ಎಂದು ಕೊಟ್ಟವರು ಬಾಯಿ ಬಿಡುವುದಿಲ್ಲ. ಭಟ್ಟಿಯ ಜೊತೆಗೆ ಈ ಕಟ್ಟಳೆಯೂ ಅಂಬಮ್ಮನಿಗೆ ಅತ್ತೆಯಿಂದ ಬಂದದ್ದು.

ಹೋದ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಊರಲ್ಲಿ ಒಂದು ಮೇವಿನ ಬಣವಿ ಸುಟ್ಟುಹೋಯಿತು. ಕೊಟ್ಟಿಗೆಗೂ ಬೆಂಕಿ ತಗುಲಿ, ಹಗ್ಗ ಕೊಯ್ದು ಎತ್ತುಗಳನ್ನು ಹೊರಗೆಳೆದರು. ಭಟ್ಟಿಯ ಕಿಡಿಯೇ ಕಾರಣ ಎಂದು ಜನ ಆಡಿಕೊಂಡರು. ಈಗ ಟೌನ್ ಕಮಿಟಿಯ ಮುಂದೆ ಹೊಸ ಕಾಯದೆಯೊಂದು ಬಂದಿದೆ: ಭಟ್ಟಿಗಳೆಲ್ಲ ಊರ ಹೊರಗೆ, ಹಳ್ಳದ ಆಚೆ ಹೋಗಬೇಕು. ಹಳಬರು ಇನ್ನೂ ಬಲ್ದಿಯಾ ಎಂದೇ ಕರೆಯುವ ಈ ಕಮಿಟಿಯಲ್ಲಿ ಸೂಚನೆ ಮಂಡಿಸಿದವರು ಮೆಂಬರ್ ಹಂಪಣ್ಣ.

ಹಂಪಣ್ಣ ಕೆಟ್ಟವರಲ್ಲ. "ಆಕಿ ಮ್ಯಾಲೆ ನನಗೇನು ಸಿಟ್ಟಿಲ್ರಿ. ಗುಡಿಸಲ, ಚಪ್ಪರ, ಬಣವಿ, ಊರಂದ್ರ ಇಷ್ಟ ಐತಿ. ಗಾಳಿ ಬೀಸಿದ್ರ ನನಗ ನಿದ್ದಿ ಹತ್ತಂಗಿಲ್ಲ" ಎನ್ನುತ್ತಾರೆ. ಈ ಬಿಸಿಲಲ್ಲಿ ಅವರ ಮಾತು ಸುಳ್ಳೆಂದು ನಾನು ಹೇಳಲಾರೆ.

ಅಂಬಮ್ಮನ ತವರು ಹೊಳೆದಂಡೆಯ ಮುಕ್ಕುಂದ. ಗಂಡ ಅಮರಗುಂಡಪ್ಪ ನಿಜಾಮರ ರಾಜ್ಯ ಹೋದ ಮರುವರ್ಷ ಜ್ವರದಲ್ಲಿ ತೀರಿಕೊಂಡರು, ಮಕ್ಕಳಿಲ್ಲ. ಈಗಲೂ ತವರಿನ ಭತ್ತವೇ ಬಂಡಿಯಲ್ಲಿ ಬರುತ್ತದೆ. ಅದನ್ನು ನೆನೆಸಿ, ಕುದಿಸಿ, ಒಣಗಿಸಿ, ಕುಟ್ಟಿಸಿ, ಉಪ್ಪುನೀರು ಉಣಿಸಿ ಹುರಿಯುವವರೆಗೆ ಎಲ್ಲ ಕೆಲಸ ಇವರೊಬ್ಬರದೇ. ಹಟ್ಟಿಯ ಗಣಿಗೆ ಪಾಳಿಗೆ ಹೋಗುವವರು ಇಲ್ಲಿ ನಿಂತು ಟವೆಲಿನಲ್ಲಿ ಮಂಡಾಳು ಕಟ್ಟಿಕೊಂಡು ಹೋಗುತ್ತಾರೆ. ಹಳ್ಳದ ಆಚೆ ಯಾರು ನಿಲ್ಲುತ್ತಾರೆ? ಕತ್ತಲಲ್ಲಿ ಒಂಟಿ ಹೆಂಗಸು ಅಲ್ಲಿ ಹೇಗೆ ಭಟ್ಟಿ ಕಾಯಬೇಕು?

ಅದೇ ಶುಕ್ರವಾರ ಹತ್ತು ಗಂಟೆಗೆ ಕಮಿಟಿಯ ಬೈಠಕ್ ಸೇರಿತು. ನಾನೂ ಹೋದೆ. ಅಂಬಮ್ಮ ತಲೆ ತುಂಬ ಸೆರಗು ಹೊದ್ದು ಬಾಗಿಲಲ್ಲೇ ನಿಂತರು. ಕಮಿಟಿಯ ಕಾರ್ಯದರ್ಶಿ ಸಮಾಧಾನದಿಂದ ಕೇಳಿದರು: ಬಣವಿ ಸುಟ್ಟ ದಿನ ಕೆಂಡ ಒಯ್ದವರು ಯಾರು? ಒಯ್ದವರ ಕೈಯಿಂದ ಬಿದ್ದದ್ದಾದರೆ ಓಣಿಯಲ್ಲಿ ಕೆಂಡ ಒಯ್ಯುವುದನ್ನಷ್ಟೇ ತಡೆದರೆ ಸಾಕು, ಭಟ್ಟಿ ಇದ್ದಲ್ಲೇ ಇರಬಹುದು.

"ಕೊಟ್ಟೀನ್ರಿ" ಎಂದರು ಅಂಬಮ್ಮ. "ಮುಚ್ಚಳ ಇಲ್ಲದ ಬೋಕಿಗೆ ಕೊಟ್ಟೀನಿ, ಅದು ನನ್ನ ತಪ್ಪು. ಯಾರಿಗೆ ಅಂತ ಕೇಳಬ್ಯಾಡ್ರಿ."

ಹಂಪಣ್ಣನೇ ಎದ್ದು ನಿಂತರು. "ಹೆಸರು ಹೇಳವಾ ಅಂಬಮ್ಮ. ನಿನ್ನ ಭಟ್ಟಿ ಉಳಿತೈತಿ!"

"ಅವರ ಮನಿ ಒಲಿ ಆರಿತ್ತು ಅಂತ ಇಷ್ಟು ಮಂದ್ಯಾಗ ಹೇಳ್ಲೇನ್ರಿ ಹಂಪಣ್ಣ? ಹೇಳಂಗಿಲ್ರಿ."

ತೀರ್ಮಾನ ಮಂಗಳವಾರಕ್ಕೆ ಹೋಯಿತು.

ಮುಚ್ಚುಮರೆ ಯಾಕೆ, ನನಗೆ ಅವರ ಮೇಲೆ ಸಿಟ್ಟೇ ಬಂತು. ಅನ್ನ ಕೊಡುವ ಭಟ್ಟಿಗಿಂತ ಯಾರದೋ ಮನೆಯ ಗುಟ್ಟು ದೊಡ್ಡದೇ? ದಾರಿಯಲ್ಲಿ ಹಾಗೆಯೇ ಕೇಳಿದೆ. ಅವರು ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿ ದನಿ ತಗ್ಗಿಸಿದರು.

"ಆ ಮನ್ಯಾಗ ಸಣ್ಣ ಸೊಸಿ ಅದಾಳ್ರಿ. ಬೂದಿ ಮುಚ್ಚಿ ಕೆಂಡ ಕಾಯೋದು ಇನ್ನೂ ಬರಂಗಿಲ್ಲ ಆ ಕೂಸಿಗೆ. ಮಾವನ ಕಿವಿಗೆ ಬಿದ್ರ ತವರಿಗೆ ಅಟ್ಟತಾನ ಅಂತ, ಅತ್ತಿ ತಾನ ಕತ್ತಲದಾಗ ಬಂದು ಒಯ್ತಾಳ. ಅತ್ತಿ ಮುಚ್ಚಿಟ್ಟಿದ್ದನ್ನ ನಾ ಬಿಚ್ಚಲೇನ್ರಿ?"

ಆ ಮನೆ ಯಾವುದೆಂದು ಈಗ ನನಗೂ ಗೊತ್ತು. ಗುರುತು ಹತ್ತದ ಹಾಗೆ ಅಲ್ಲಿ ಇಲ್ಲಿ ಬದಲಿಸಿ ಬರೆದಿದ್ದೇನೆ. ಲಿಂಗಸುಗೂರಿನ ಓದುಗರು ಹುಡುಕಲು ಹೋಗಬಾರದು.

ಇದನ್ನು ಮುಗಿಸುತ್ತಿರುವುದು ಮಂಗಳವಾರ ನಸುಕಿನಲ್ಲಿ, ಅದೇ ಭಟ್ಟಿಯ ಪಕ್ಕದಲ್ಲಿ. ಬೈಠಕ್ ಸೇರುವ ಮೊದಲೇ ನನ್ನ ರಾಯಚೂರು ಬಸ್ಸು ಹೊರಡುತ್ತದೆ. ಏನು ತೀರ್ಮಾನವಾಗುವುದೋ ತಿಳಿಯದೆ ಹೋಗುವುದು ನನಗೂ ಸಂಕಟ. ಅಂಬಮ್ಮ ರಾತ್ರಿ ಮಲಗಿಲ್ಲ. ಅಕ್ಕಿಗೆ ಎರಡು ಸಲ ಉಪ್ಪುನೀರು ಹಾಕಿ, ಈಗ ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದಾರೆ.

ಶುಕ್ರವಾರದ ಆ ಮುದುಕಿ, ಆ ಸೊಸೆಯ ಅತ್ತೆ, ಬರುತ್ತಾಳೆ. ಬೋಕಿಗೆ ಕೆಂಡ ಬೀಳುತ್ತದೆ. ಅವಳು ಸೆರಗಿನೊಳಗಿಂದ ಮಣ್ಣಿನ ಮುಚ್ಚಳವೊಂದನ್ನು ತೆಗೆದು ಬೋಕಿಯ ಮೇಲಿಟ್ಟು, ಅಂಬಮ್ಮನ ಮುಖ ನೋಡದೆ ತಿರುಗಿ ನಡೆಯುತ್ತಾಳೆ.

ಓಣಿಯ ಕಡೆ ಕಣ್ಣಿಟ್ಟಿರುವ ಅಂಬಮ್ಮನನ್ನು ಕೇಳುತ್ತೇನೆ, ಹಳ್ಳದ ಆಚೆ ಹೋಗು ಎಂದರೆ ಏನು ಮಾಡುತ್ತೀರಿ ಎಂದು.

"ಹೋಗಬೇಕಲ್ರಿ. ಆದ್ರ ಅದು ದೂರ ಆತು" ಎನ್ನುತ್ತಾರೆ. "ಈಕಿ ಮನಿ ಮುಟ್ಟೂದ್ರಾಗ ಕೆಂಡ ಆರಿ ಹೋಗತೈತಿ."